ವಾರಕ್ಕೆ ಅರ್ಧ ಕೆ.ಜಿ.

ನನ್ನ ತೂಕ ನನ್ನೊಬ್ಬಳದೇ ಆಗಿದ್ದಾಗ ಯಾರೂ ಅದರ ಸುದ್ದಿಗೆ ಬರುತ್ತಿರಲಿಲ್ಲ. ಅದು ಯಜಮಾನರ ಕಿಡ್ನಿಯ ಮಾತಾದ ಮೇಲೆ ಬನಶಂಕರಿಯಿಂದ ಶ್ರೀನಗರದವರೆಗಿನ ನೆಂಟರೆಲ್ಲ ವಾರ ವಾರ ಫೋನ್ ಮಾಡಿ ವಿಚಾರಿಸತೊಡಗಿದರು.

ಯಜಮಾನರ ಹೆಸರು ಸೋಮನಾಥ್, ಬನಶಂಕರಿಯಲ್ಲಿ ಪೇಂಟ್ ಅಂಗಡಿ. ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ನನ್ನ ಕಿಡ್ನಿ ಅವರಿಗೆ ಹೊಂದುತ್ತದೆ ಎಂದು ಗೊತ್ತಾದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಸಂತೋಷಕ್ಕೆ ಅತ್ತಿದ್ದೆ. ಆಮೇಲೆ ಡಾಕ್ಟರ್ ಮಧುಶ್ರೀ ನನ್ನನ್ನು ತಕ್ಕಡಿ ಹತ್ತಿಸಿದರು. ಎಂಬತ್ತೆರಡು.

“ಈ ತೂಕದಲ್ಲಿ ಕಿಡ್ನಿ ತೆಗೆದ್ರೆ ನಿಮ್ಗೇ ಅಪಾಯ. ಎಪ್ಪತ್ತೆರಡಕ್ಕೆ ಬನ್ನಿ ಕಮಲಾದೇವಿ ಅವ್ರೇ, ಆಮೇಲೆ ಆಪರೇಷನ್. ವಾರಕ್ಕೆ ಅರ್ಧ ಕೆ.ಜಿ. ಇಳಿದ್ರೆ ಸಾಕು. ಆತುರ ಬೇಡ.”

“ಅಂದ್ರೆ ಐದು ತಿಂಗ್ಳು! ಅಲ್ಲೀವರ್ಗೂ ನನ್ ತಮ್ಮ ತಡೀತಾನಾ?” ಎಂದು ಕೂಗಿದವರು ಸುಧಾಮಣಿ ಅತ್ತಿಗೆ, ಯಜಮಾನರ ಅಕ್ಕ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು. ತಾವೇ ಕೊಡೋಣವೆಂದರೆ ಅವರಿಗೆ ಸಕ್ಕರೆ ಕಾಯಿಲೆ. ಆ ಸಂಕಟವೆಲ್ಲ ನನ್ನ ಮೇಲೆ ತಿರುಗಿತು.

ಮಾರನೆಯ ದಿನವೇ ಶ್ರೀನಗರದ ಅತ್ತಿಗೆಯ ಮನೆಯಿಂದ ಒಂದು ಪುಡಿಯ ಡಬ್ಬ ಬಂತು. ಅವರ ಬೀದಿಯ ಯಾರೋ ಹೆಂಗಸು ಮಾರುವುದಂತೆ. ಊಟ ಬಿಟ್ಟು ದಿನಕ್ಕೆರಡು ಲೋಟ ಅದನ್ನೇ ಕುಡಿದರೆ ಹದಿನೈದು ದಿನಕ್ಕೆ ಎಂಟು ಕೆ.ಜಿ. ಇಳಿಯುವುದು ಗ್ಯಾರಂಟಿಯಂತೆ. ಕುಡಿದೆ. ಯಾಕೆ ಸುಳ್ಳು ಹೇಳಲಿ, ನನಗೂ ಯಜಮಾನರ ಕೈಗೆ ಚುಚ್ಚುವ ಸೂಜಿ ನೋಡಿ ನೋಡಿ ಸಾಕಾಗಿತ್ತು. ಒಂಬತ್ತನೆಯ ದಿನ ಕುಕ್ಕರ್ ಇಳಿಸಲು ಹೋಗಿ ಒಲೆ ಕಟ್ಟೆಯ ಬುಡದಲ್ಲಿ ಕುಸಿದು ಬಿದ್ದೆ.

ರಕ್ತದ ರಿಪೋರ್ಟ್ ನೋಡಿದ ಡಾಕ್ಟರ್ ಕನ್ನಡಕ ತೆಗೆದಿಟ್ಟರು. “ಕೊಡೋಕೆ ಅಂತ ಬಂದಿರೋ ಕಿಡ್ನೀನೇ ಹಾಳು ಮಾಡ್ಕೋತಿದ್ದೀರಲ್ರೀ. ಒಂದು ಅವ್ರಿಗೆ ಕೊಟ್ಮೇಲೆ ನಿಮ್ಗೆ ಉಳಿಯೋದು ಒಂದೇ. ಅದ್ರ ಯೋಚ್ನೆ ಯಾರಿಗಾದ್ರೂ ಇದ್ಯಾ?”

ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ. ಮನೆಗೆ ಬಂದವಳೇ ಪುಡಿಯನ್ನು ಕಸಕ್ಕೆ ಸುರಿದು, ಡಬ್ಬ ತೊಳೆದು ಹುಣಸೆಹಣ್ಣು ತುಂಬಿಟ್ಟೆ. ಅತ್ತಿಗೆ ಅಡುಗೆಮನೆಗೆ ಬಂದಾಗ ಕಾಣಲೆಂದೇ ಮುಂದಿನ ಸಾಲಿನಲ್ಲಿಟ್ಟೆ.

ರಿಪೋರ್ಟ್ ಸರಿಹೋಗಲು ಮೂರು ವಾರ ಹಿಡಿಯಿತು. ಆಮೇಲೆ ನನ್ನ ದಾರಿ ಶುರುವಾಯಿತು. ಬೆಳಿಗ್ಗೆ ಮುಕ್ಕಾಲು ಗಂಟೆ ಪಾರ್ಕಿನಲ್ಲಿ ನಡಿಗೆ. ಎರಡು ಮುದ್ದೆಯ ಜಾಗದಲ್ಲಿ ಒಂದು, ಅರ್ಧ ತಟ್ಟೆ ಪಲ್ಯ, ದಿನಾ ಒಂದು ಬಟ್ಟಲು ಹೆಸರುಕಾಳು. ಹೊತ್ತು ಹೊತ್ತಿಗೆ ಊಟ, ಉಪವಾಸವಿಲ್ಲ. ಒಂದು ವಾರ ತಕ್ಕಡಿಯ ಮುಳ್ಳು ಅಲ್ಲಾಡಲೇ ಇಲ್ಲ. ಇನ್ನೊಂದು ವಾರ ಇನ್ನೂರು ಗ್ರಾಂ ಮೇಲಕ್ಕೇ ಹೋಯಿತು. ಹೋದರೆ ಹೋಗಲಿ ಎಂದು ಮಾರನೆಯ ದಿನವೂ ಚಪ್ಪಲಿ ಮೆಟ್ಟಿ ಹೊರಟೆ.

ಶ್ರಾವಣ ಸೋಮವಾರ ಅತ್ತಿಗೆಯ ಮನೆಯಲ್ಲಿ ಪೂಜೆ, ಊಟ. ನಮ್ಮಲ್ಲಿ ತಟ್ಟೆಗೆ ಬಿದ್ದದ್ದು ಪ್ರಸಾದ. ಒಂದು ಅಗುಳೂ ಬಿಡುವ ಹಾಗಿಲ್ಲ, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ಇದು ಗೊತ್ತಿದ್ದೇ ಬಡಿಸುವವರು ಸುರಿಯುತ್ತಾರೆ. ಒಂದು ಹೋಳಿಗೆ ಹಾಕಿಸಿಕೊಂಡೆ. ಎರಡನೆಯದಕ್ಕೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ.

“ಒಂದ್ ಹೋಳಿಗೇಗೆ ಏನಾಗಲ್ಲ, ನಾಳೆಯಿಂದ ಉಪವಾಸ ಮಾಡು,” ಎಂದ ಅತ್ತಿಗೆ ತುಪ್ಪದ ಮಿಳ್ಳೆ ಬಗ್ಗಿಸಿಯೇಬಿಟ್ಟರು. ಬಿಸಿ ತುಪ್ಪ ನನ್ನ ಮುಂಗೈ ಮೇಲೆ ಹರಿಯಿತು. ಕೈ ತೆಗೆಯಲಿಲ್ಲ.

“ಪ್ರಸಾದ ಬೇಡ ಅಂತೀಯಾ?”

“ಬಿದ್ದಿದ್ದನ್ನ ಬಿಡಲ್ಲ ಅತ್ತಿಗೆ. ಅದಕ್ಕೇ ಬೀಳೋಕೆ ಬಿಡ್ತಾ ಇಲ್ಲ.”

ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ಅತ್ತಿಗೆಯ ಮುಖ ಕೆಂಪಾಯಿತು. “ಇವ್ಳಿಗೆ ಕೊಡೋ ಮನಸ್ಸೇ ಇಲ್ಲ ಕಣ್ರೀ. ನಿಧಾನ, ನಿಧಾನ ಅಂತ ಕಾಲ ತಳ್ತಾ ಇದ್ದಾಳೆ.”

ಮುಂಗೈ ಉರಿಗಿಂತ ಆ ಮಾತು ಹೆಚ್ಚು ಸುಟ್ಟಿತು. ತಟ್ಟೆ ತೊಳೆದು ಕುಡಿದು ಎದ್ದೆ. ಸಂಜೆ ಪಾರ್ಕಿನಲ್ಲಿ ಸಿಟ್ಟಿಗೆ ಎರಡು ಸುತ್ತು ಹೆಚ್ಚಿಗೆ ಹಾಕಿದೆ.

ಆರು ತಿಂಗಳು ಕಳೆದ ಮೇಲೆ ಮೊನ್ನೆ ಕೊನೆಯ ತಪಾಸಣೆ. ತೂಕ, ರಕ್ತಪರೀಕ್ಷೆ ಎರಡೂ ಸರಿಯಿದ್ದರೆ ಅಂದೇ ಆಪರೇಷನ್‌ಗೆ ದಿನ ಗೊತ್ತುಮಾಡುತ್ತಾರೆ. ತಕ್ಕಡಿ ಹತ್ತಿದೆ. ಎಪ್ಪತ್ತೆರಡು ಪಾಯಿಂಟ್ ಮೂರು. ಡಾಕ್ಟರ್ ಬರುವುದು ಮಧ್ಯಾಹ್ನ, ಆಗ ಇನ್ನೊಮ್ಮೆ ನೋಡಿ ರಕ್ತ ತೆಗೆಯೋಣ ಎಂದರು ನರ್ಸ್.

ಅತ್ತಿಗೆ ನನ್ನ ತೋಳು ಹಿಡಿದು ಮೂಲೆಗೆ ಎಳೆದರು. “ಮುನ್ನೂರು ಗ್ರಾಂ ಅಷ್ಟೇ ಕಣೆ! ಮಧ್ಯಾಹ್ನದವರ್ಗೂ ಒಂದ್ ಹನಿ ನೀರೂ ಮುಟ್ಬೇಡ. ಮೆಟ್ಲು ಹತ್ತಿ ಇಳಿ, ಬೆವ್ರು ಹೋಗ್ಲಿ. ನಿನ್ ಕಾಲಿಗ್ ಬೀಳ್ತೀನಿ.” ಅವರ ಕಣ್ಣಲ್ಲಿ ನೀರಿತ್ತು.

ಇನ್ನೊಂದು ವಾರವೆಂದರೆ ಯಜಮಾನರಿಗೆ ಇನ್ನೂ ಮೂರು ಡಯಾಲಿಸಿಸ್. ನನಗೆ ಗೊತ್ತಿರಲಿಲ್ಲವೇ? ಆದರೆ ನೀರಿಲ್ಲದೆ ಒಣಗಿದ ಮೈಯಲ್ಲಿ ರಕ್ತ ಕೊಟ್ಟು ಮತ್ತೆ ರಿಪೋರ್ಟ್ ಕೆಡಿಸಿಕೊಳ್ಳಲು ನಾನು ತಯಾರಿರಲಿಲ್ಲ. ಅತ್ತಿಗೆಯ ಕೈ ಬಿಡಿಸಿಕೊಂಡು ಹೋಗಿ ನೀರಿನ ಕ್ಯಾನಿನಿಂದ ಒಂದು ಲೋಟ ತುಂಬಿಸಿ, ಎಲ್ಲರೆದುರೇ ಕುಡಿದೆ.

“ಮುಂದಿನ್ ವಾರ ಬರ್ತೀನಿ ಸಿಸ್ಟರ್, ಬರ್ಕೊಳಿ.”

ತಿರುಗಿದರೆ ಬೆಂಚಿನ ಮೇಲೆ ಯಜಮಾನರು ನನ್ನನ್ನೇ ನೋಡುತ್ತಿದ್ದರು. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. ಅವರಿಗೆ ದಿನಕ್ಕೆ ಮೂರೇ ಲೋಟ. ಈ ಎರಡು ವರ್ಷ ನಾನು ಅವರೆದುರು ನೀರು ಕುಡಿದವಳಲ್ಲ, ಅಡುಗೆಮನೆಗೆ ಹೋಗಿ ಕದ್ದು ಕುಡಿದವಳು. ಲೋಟವನ್ನು ಸೆರಗಿನ ಮರೆಗೆ ಸರಿಸಿದೆ.

ಅವರು ಒಣಗಿದ ತುಟಿ ನೆಕ್ಕಿಕೊಂಡು ಅಂದರು: “ಇನ್ನೊಂದ್ ಲೋಟ ಕುಡಿ ಕಮಲಾ. ನನ್ ಪಾಲಿಂದೂ ನೀನೇ ಕುಡಿ.”

ಅತ್ತಿಗೆ ನೋಡುತ್ತಿದ್ದ ಹಾಗೆಯೇ ಅದನ್ನೂ ಪೂರ್ತಿ ಕುಡಿದೆ.