ಅಕ್ಕವ್ವನ ಸಾಕ್ಷಿ

೧೯೩೧ರ ಬೇಸಿಗೆ. ಅಕ್ಕವ್ವ ರೊಟ್ಟಿ ಬಡಿಯುತ್ತಿದ್ದಾಗ ತಮ್ಮ ಸೋಮಪ್ಪ ಓಡಿ ಬಂದು ಒಳಗಿನಿಂದ ಬಾಗಿಲು ಹಾಕಿದ. ಗಂಡ ಸತ್ತ ಮೇಲೆ ಅವಳು ಕ್ರೈಸ್ತಳಾಗಿ, ಹಳೇ ಹುಬ್ಬಳ್ಳಿಯ ತವರು ಬಿಟ್ಟು ಬೆಂಗೇರಿಗೆ ಬಂದಿದ್ದಳು. ಅಲ್ಲಿಂದೀಚೆಗೆ ಅವನು ಅವಳ ಹೊಸ್ತಿಲು ತುಳಿದದ್ದು ಇದೇ ಮೊದಲು. ಅಂಗಿಯ ತೋಳಿಗೆ ರಕ್ತ ಹತ್ತಿತ್ತು.

“ಯಕ್ಕಾ, ಹತ್ತಿ ಗಿರಣ್ಯಾಗ ನನ್ನ ಜೋಡಿ ದುಡಿಯೂ ಗೋವಿಂದಪ್ಪನ ತಲಿಗೆ ಹೊಡದೇನಿ. ಸಿಟ್ಟು ತಡೀಲಿಲ್ಲ. ಬದಕ್ತಾನೋ ಇಲ್ಲೋ! ಪೊಲೀಸರು ಬರಾಕತ್ತಾರ. ಮುಂಜಾನಿಂದ ನಾ ಇಲ್ಲೇ ಇದ್ದೆ ಅಂತ ಹೇಳಿಬಿಡು.”

ಅಕ್ಕವ್ವನ ಕೈ ಹಿಟ್ಟಿನಲ್ಲೇ ನಿಂತಿತು. ತಾಯಿ ಸತ್ತಾಗಿನಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ.

“ಸುಳ್ಳು ಹೇಳಂಗಿಲ್ಲ, ಸೋಮಾ.”

ಅವನು ಗೂಡಿನಲ್ಲಿದ್ದ ಬೈಬಲ್ ಎಳೆದುಕೊಂಡು ಒಲೆಯ ಮೇಲೆ ಹಿಡಿದ. “ಇದರ ಸಲುವಾಗೇನು? ಇದನ್ನ ಬರದವರೂ ಮನಶ್ಯಾರ! ತಮಗ ಬೇಕಾದ್ದು ಬರಕೊಂಡಾರ. ಒಡಹುಟ್ಟಿದವನಗಿಂತ ಇದು ಹೆಚ್ಚಾತೇನು?”

“ನಾನೂ ಹಂಗ ತಿಳಿದಿದ್ದೆ. ಅಕ್ಷರ ಕಲತು ನಾನ ಓದಿದ ಮ್ಯಾಲೆ ನಂಬಿದೆ. ಪೇತ್ರ ಅಂತ ಯೇಸುಸ್ವಾಮಿಯ ದೊಡ್ಡ ಶಿಷ್ಯ. ಸ್ವಾಮಿನ್ನ ಹಿಡಕೊಂಡು ಹೋದಾಗ ಅಂಜಿ, ಅವ ಯಾರೋ ನನಗ ಗೊತ್ತಿಲ್ಲ ಅಂದುಬಿಟ್ಟ. ಮುಂದ ಅದ ಪೇತ್ರ ಕ್ರೈಸ್ತ ಸಭಾದ ಹಿರ್ಯಾ ಆದ. ಮಂದಿಗೆ ಮೋಸ ಮಾಡಾಕಂತ ಈ ಪುಸ್ತಕ ಬರದಿದ್ರ ಹಿರ್ಯಾನ ಮಾನ ಹೋಗೂ ಮಾತು ಬರೀತಿದ್ರೇನು? ಮುಚ್ಚಿಡ್ತಿದ್ರು. ತನ್ನವರ ತಪ್ಪು ಮುಚ್ಚದ ಪುಸ್ತಕ ನನಗ್ಯಾಕ ಸುಳ್ಳು ಹೇಳೀತು? ಆಮ್ಯಾಲೆ ತನ್ನ ತಪ್ಪಿಗೆ ಬಿಕ್ಕಿಬಿಕ್ಕಿ ಅತ್ತ ಪೇತ್ರನ್ನ ಸ್ವಾಮಿ ದೂರ ಮಾಡಲಿಲ್ಲ ಅಂತಾನೂ ಅದ ಹೇಳ್ತೈತಿ. ಗಂಡ ಹೋಗಿ ನನಗ ಜೀವಾನ ಬ್ಯಾಡಾದಾಗ ಆ ಮಾತು ಹಿಡಕೊಂಡು ಉಳದೇನಿ.”

ಯಾರೋ ಬಾಗಿಲು ಧಡಧಡ ಬಡಿದರು. “ತಗೀರಿ ಬಾಗಿಲಾ!”

ಸೋಮಪ್ಪ ಪುಸ್ತಕ ನೆಲಕ್ಕೆ ಬಿಟ್ಟು ಅವಳ ಕಾಲು ಹಿಡಿದ. “ನೀ ಸಾಕಿದ ಕೂಸು ನಾ, ಯಕ್ಕಾ...”

ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿಬಿಡಲೇ ಎಂದು ಮನಸ್ಸು ಎಳೆಯಿತು ಕೂಡ. ಅವನ ತಲೆ ಸವರಿ, ಎಬ್ಬಿಸಿ, ಅಗಳಿ ತೆಗೆದಳು.

“ಇವ ಯಾವಾಗಿಂದ ಇಲ್ಲಿ ಅದಾನ?” ಹವಾಲ್ದಾರ ಕೇಳಿದ.

“ಈಗ ಬಂದಾನ್ರಿ.”

“ಇವತ್ತಿಗೆ ನೀ ನನ್ನ ಪಾಲಿಗೆ ಸತ್ತಿ,” ಎಂದ ಸೋಮಪ್ಪ. ಅಕ್ಕವ್ವ ಠಾಣೆಯವರೆಗೂ ಅವನ ಹಿಂದೆಯೇ ನಡೆದಳು. ಅವನು ತಿರುಗಿ ನೋಡಲಿಲ್ಲ.

ಗೋವಿಂದಪ್ಪ ಬದುಕಿಕೊಂಡ. ಅವನು ಹಾಸಿಗೆಯಲ್ಲಿದ್ದಷ್ಟು ದಿನವೂ ಅಕ್ಕವ್ವ ಹೋಗಿ ಅವನ ಹೆಂಡತಿ ಮಾಳವ್ವನಿಗೆ ನೀರು ತಂದುಕೊಟ್ಟು, ಜೋಳ ಬೀಸಿಕೊಟ್ಟಳು. ಮಾಳವ್ವ ಮೊದಲು ಬೈದಳು, ಆಮೇಲೆ ಸುಮ್ಮನಾದಳು. ಶಿಕ್ಷೆಯಾಗಿ ತಮ್ಮ ಸೇರಿದ್ದ ಜೈಲಿಗೂ ಅಕ್ಕವ್ವ ಹೋಗುತ್ತಿದ್ದಳು. ಸೋಮಪ್ಪ ಬೆನ್ನು ತಿರುಗಿಸಿ ಕೂಡುತ್ತಿದ್ದ.

ಮಳೆಗಾಲದಲ್ಲೊಮ್ಮೆ ಅವನೇ ಕೇಳಿದ: “ಗೋವಿಂದಪ್ಪ ಹೆಂಗದಾನ?”

“ಎದ್ದು ಅಡ್ಡಾಡಾಕತ್ತಾನ.”

ಸೋಮಪ್ಪ ಮುಖ ಮುಚ್ಚಿಕೊಂಡು ಅತ್ತ.

ಬಿಡುಗಡೆಯಾದ ದಿನ ಅವನು ಮೊದಲು ಹೋದದ್ದು ಗೋವಿಂದಪ್ಪನ ಮನೆಗೆ. ಸೋಮಪ್ಪ ಕ್ರೈಸ್ತನಾಗಲಿಲ್ಲ. ಆದರೆ ಅಂದು ಮಧ್ಯಾಹ್ನ ಬೆಂಗೇರಿಗೆ ಬಂದು, ಅಕ್ಕ ಬಡಿಸಿದ್ದನ್ನು ಹೊಟ್ಟೆತುಂಬ ಉಂಡ.