ಮೌನವಾಡೆಯ ಹಂಡೆ

ನಾನು ತಾಮ್ರದ ಹಂಡೆ. ಈಗ ನನ್ನ ತಳ ಒಡೆದಿದೆ, ಹೊಟ್ಟೆಯಲ್ಲಿ ನೀರು ನಿಲ್ಲುವುದಿಲ್ಲ. ಸಿಟ್ಟು ಮಾತ್ರ ನಿಂತಿದೆ. ಆದ್ದರಿಂದ ಮೆತ್ತಗಿನ ಮಾತು ನನ್ನಿಂದ ಬರುತ್ತದೆಂದು ಯಾರೂ ಕಾಯಬೇಡಿ.

ಗದಗಿನ ಕಡೆಯ ಒಂದು ಪೇಟೆಯಲ್ಲಿ, ಕಂಚುಗಾರರ ಓಣಿಯಲ್ಲಿ ನಾನು ಹುಟ್ಟಿದೆ. ತಾಮ್ರದ ತಗಡು ಕಾಸಿ, ಬಾಗಿಸಿ, ಬೆಸುಗೆ ಹಾಕಿ, ಬಾಯಿಗೆ ದಪ್ಪ ಅಂಚು ಕಟ್ಟಿದರು. ಅಂಗಡಿಯ ಮುಂದೆ ಇಟ್ಟಾಗ ಹೋಗಿಬರುವವರ ಮುಖವೆಲ್ಲ ನನ್ನ ಹೊಟ್ಟೆಯಲ್ಲಿ ಕಾಣುತ್ತಿತ್ತು. ಒಂದು ದಿನ ಅಡಿವೆಪ್ಪ ದೇಸಾಯರು ಬಂದರು, ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದರು. "ಇದ ಇರಲಿ," ಎಂದರು. ಚಕ್ಕಡಿಯಲ್ಲಿ ಹುಲ್ಲು ಹಾಸಿ ನನ್ನನ್ನು ಅವರ ವಾಡೆಗೆ ಒಯ್ದರು.

ಎರೆಭೂಮಿಯ ಆ ಊರಲ್ಲಿ ವಾಡೆಯೇ ಎತ್ತರದ ಕಟ್ಟಡ. ಕಲ್ಲಿನ ಗೋಡೆ, ಆನೆ ಹೋಗುವಂಥ ಮುಂಬಾಗಿಲು, ಒಳಗೆ ಕಂಬದ ಪಡಸಾಲೆ. ಹಿತ್ತಲಲ್ಲಿ ಬಾವಿ. ಬಾವಿಯ ಪಕ್ಕದ ಬಚ್ಚಲಮನೆಯಲ್ಲಿ ಮಣ್ಣಿನ ಒಲೆ ಕಟ್ಟಿ ನನ್ನನ್ನು ಕೂಡಿಸಿದರು. ನನ್ನೆದುರಿಗೆ ಒಂದು ಕಿಂಡಿ. ಆ ಕಿಂಡಿಯಿಂದ ನನಗೆ ಬಾವಿಯೂ ಕಾಣುತ್ತಿತ್ತು, ಅದರಾಚೆಯ ಹಿತ್ತಲ ಬಾಗಿಲೂ ಕಾಣುತ್ತಿತ್ತು. ನನ್ನ ಲೋಕ ಅಷ್ಟೇ. ಆದರೆ ಆ ಊರಿನ ಜಗಳವೆಲ್ಲ ಅಷ್ಟರಲ್ಲೇ ಇತ್ತು. ಯಾಕೆಂದರೆ ಊರಿನ ಉಳಿದ ಬಾವಿಗಳೆಲ್ಲ ಸವಳು. ಬೇಳೆ ಬೇಯುವಂಥ ಸಿಹಿನೀರು ಇದ್ದದ್ದು ವಾಡೆಯಲ್ಲಿ ಮಾತ್ರ.

ಹಿತ್ತಲ ಬಾಗಿಲಿನಾಚೆ ಹೊರಕೇರಿ. ಅಲ್ಲಿಯ ಹೆಂಗಸರು ಬೆಳಗಾಗುವ ಮುಂಚೆ ಬಂದು ಬಾಗಿಲ ಹೊರಗೆ ಕೊಡ ಇಟ್ಟು ಕೂರುತ್ತಿದ್ದರು. ಆಳುಗಳಿಗೆ ಮನಸ್ಸಾದರೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಆಗದಿದ್ದರೆ ಹೆಂಗಸರು ಖಾಲಿ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ದೇಸಾಯರು ಮೈಮೇಲೆ ಹಂಡೆಗಟ್ಟಲೆ ಸುರಿದುಕೊಳ್ಳುವಾಗ ಹೊರಗೆ ಕೂಸುಗಳು ನೀರಿಗಾಗಿ ಅಳುವುದು ನನಗೆ ಕೇಳುತ್ತಿತ್ತು. ದೇಸಾಯರಿಗೂ ಕೇಳುತ್ತಿತ್ತು. ಅವರು ಇನ್ನೊಂದು ತಂಬಿಗೆ ಸುರಿದುಕೊಳ್ಳುತ್ತಿದ್ದರು.

ಹೀಗಿರುವಾಗ ಹೊರಕೇರಿಗೆ ಫಕೀರವ್ವ ಸೊಸೆಯಾಗಿ ಬಂದಳು. ಎಳೆಯ ವಯಸ್ಸು, ಕೈತುಂಬ ಹಸಿರು ಬಳೆ. ಒಂದು ಬೆಳಿಗ್ಗೆ ಕಾದು ಕಾದು ಸಾಕಾಗಿ ಎದ್ದವಳು ನೆಟ್ಟಗೆ ಒಳಗೆ ನಡೆದು ರಾಟೆಗೆ ತನ್ನ ಹಗ್ಗ ಹಾಕಿಬಿಟ್ಟಳು. ಅವಳ ಹಿಂದೆ ಉಳಿದವರೂ ನುಗ್ಗಿದರು. ದೇಸಾಯರು ಜಳಕ ಬಿಟ್ಟು ಒದ್ದೆಮೈಯಲ್ಲೇ ಕೋಲು ಹಿಡಿದು ಓಡಿಬಂದರು.

"ಬಾವಿ ಕೆಡಿಸಿದ್ರಿ! ಯಾರಪ್ಪಂದು ಈ ಬಾವಿ?"

"ನಮ್ಮ ಮಾವ ತೋಡಿದ್ದರಿ," ಅಂದಳು ಫಕೀರವ್ವ. "ಅಂವ ತೋಡೂ ಮುಂದ ಕೆಡಲಿಲ್ಲೇನ್ರಿ ಇದು?"

ಅಂದು ಪೆಟ್ಟು ಬಿದ್ದವು. ಬಾವಿಗೆ ಶಾಂತಿಯನ್ನೂ ಮಾಡಿಸಿದರು. ಮರುದಿನ ಹೆಂಗಸರು ಮತ್ತೆ ಬಂದರು, ಅದರ ಮರುದಿನವೂ ಬಂದರು. ಕೊನೆಗೆ ದೇಸಾಯರ ಹೆಂಡತಿ ಚಂಬವ್ವ ಗಂಡನನ್ನೂ ಕೇಳದೆ ಬಡಿಗನನ್ನು ಕರೆಸಿ ಹಿತ್ತಲ ಬಾಗಿಲಿನ ಅಗಳಿಯನ್ನೇ ಕಿತ್ತುಹಾಕಿಸಿದರು. ಗಂಡ ಕೂಗಾಡಿದರು. "ನೀವು ಬಡಕೊಂತ ನಿಂದರ್ರಿ, ನನಗ ದಿನಾ ಇವರ ಅಳು ಕೇಳಾಕ ಆಗೂದಿಲ್ಲ," ಎಂದಷ್ಟೇ ಹೇಳಿ ಒಳಗೆ ಹೋದರು. ಅಂದಿನಿಂದ ಆ ಬಾಗಿಲಿಗೆ ಅಗಳಿ ಇರಲಿಲ್ಲ. ದೇಸಾಯರು ಹೋದರು, ಚಂಬವ್ವ ಹೋದರು, ವಾಡೆ ಖಾಲಿಯಾಗಿ ಪಾರಿವಾಳಗಳ ಪಾಲಾಯಿತು, ನನ್ನೊಳಗೆ ಜೇಡ ಬಲೆ ಕಟ್ಟಿತು. ಆದರೆ ಬೆಳಗಿನ ರಾಟೆ ನಿಲ್ಲಲಿಲ್ಲ.

ಆಮೇಲೆ ಪುಣೆಯಿಂದ ದೇಸಾಯರ ಮೊಮ್ಮಗಳು ಊರ್ಮಿಳಾ ಬಂದರು. ವಾಡೆಗೆ ಸುಣ್ಣ ಹೊಡೆಸಿದರು, ಕಂಬಗಳಿಗೆ ಎಣ್ಣೆ ಹಚ್ಚಿಸಿದರು, ಮುಂಬಾಗಿಲಿಗೆ 'ಮೌನವಾಡೆ' ಎಂದು ಹಲಗೆ ಹಾಕಿಸಿದರು. ಬರೆಯುವವರು, ಚಿತ್ರ ತೆಗೆಯುವವರು ಬಂದು ತಿಂಗಳುಗಟ್ಟಲೆ ಇದ್ದು ತಮ್ಮ ಕೆಲಸ ಮಾಡಿಕೊಳ್ಳಬೇಕು, ಊಟ ವಸತಿ ವಾಡೆಯದು. ಒಳ್ಳೆಯ ಯೋಚನೆಯೇ. ನೋಡಿಕೊಳ್ಳಲು ಧಾರವಾಡದ ಸುಹಾಸ ಎಂಬ ಹುಡುಗನನ್ನು ಇಟ್ಟರು. ಪಂಪು ಬೇಡ, ಸದ್ದು ಮಾಡುತ್ತದೆ. ಗೀಸರ್ ಬೇಡ, ಹಳ್ಳಿಯ ಸೊಗಸು ಹೋಗುತ್ತದೆ ಎಂದರು. ಹಾಗಾಗಿ ನೀರು ಸೇದಿ ನನ್ನನ್ನು ತುಂಬಲು, ಒಲೆ ಹೊತ್ತಿಸಲು ಆಳು ಬೇಕಾಯಿತು. ಫಕೀರವ್ವ ಬಂದಳು. ಆಗಲೇ ಅವಳ ತಲೆ ಬೆಳ್ಳಗಾಗಿತ್ತು, ಮಗನ ಮದುವೆಯಾಗಿ ಮನೆಗೆ ಸೊಸೆ ಬಂದಿದ್ದಳು.

"ಇಲ್ಲೆ ಜಾತಿ ಗೀತಿ ಏನಿಲ್ಲ ಫಕೀರವ್ವ, ಎಲ್ಲಾ ಕಡೆ ಓಡಾಡ್ರಿ," ಎಂದ ಸುಹಾಸ. ಅವಳು ಹುಣಸೆಹಣ್ಣು, ಬೂದಿ ಹಚ್ಚಿ ನನ್ನನ್ನು ತಿಕ್ಕಿದಳು. ದೇಸಾಯರ ಕಾಲದಲ್ಲಿ ಆ ಕೈ ನನ್ನ ಹತ್ತಿರವೂ ಸುಳಿಯುವಂತಿರಲಿಲ್ಲ. ಅಂದು ನನಗೆ ನಿಜಕ್ಕೂ ಸಂತೋಷವಾಯಿತು. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಯಾಕೆಂದರೆ ಚಳಿಗಾಲದಲ್ಲಿ ಮೈಸೂರಿನ ಕಡೆಯಿಂದ ವೈಜಯಂತಿ ಎಂಬ ಕಾದಂಬರಿಕಾರ್ತಿ ಬಂದರು. ಹೆಸರಾದವರು. ಮಾತು ಮೃದು, ನಗು ಚಂದ. ನೀರು ಹೊರುವ ಹಳ್ಳಿಯ ಹೆಂಗಸರ ಮೇಲೆ ಕಾದಂಬರಿ ಬರೆಯಲು ಬಂದಿದ್ದರು. ಬಂದ ಸ್ವಲ್ಪ ದಿನಕ್ಕೇ ಬಚ್ಚಲ ಬಾಗಿಲಲ್ಲಿ ನಿಂತು ಸುಹಾಸನಿಗೆ ಹೇಳಿದ್ದನ್ನು ನಾನು ಕೇಳಿದೆ.

"ಬೆಳಿಗ್ಗೆ ಹೊತ್ತು ಒಂದು ಸಾಲೂ ಬರೆಯೋಕಾಗ್ತಿಲ್ಲ. ಆ ರಾಟೆ ಒಂದೇ ಸಮ ಕಿರುಗುಟ್ಟುತ್ತೆ, ಇವರೋ ಜಗಳ, ನಗು, ಕೂಗಾಟ. ಮೌನ ಅಂತ ಬೋರ್ಡ್ ಹಾಕಿದೀರಲ್ಲ, ಏನಾದರೂ ಮಾಡಿ."

ಸುಹಾಸ ಪುಣೆಗೆ ಫೋನ್ ಮಾಡಿದ. ಸಂಜೆಗೆ ಬಡಿಗ ಬಂದ. ಹಿತ್ತಲ ಬಾಗಿಲಿಗೆ ಹೊಸ ಚಿಲಕ ಕೂಡಿಸಿದ, ಅದಕ್ಕೊಂದು ದಪ್ಪ ಬೀಗ ಬಿತ್ತು.

ಮರುದಿನ ಬಾಗಿಲಾಚೆ ಕೊಡಗಳು ಒಂದಕ್ಕೊಂದು ತಾಗುವ ಸದ್ದು ಕೇಳಿಸಿತು. ತಳ್ಳಿ ನೋಡಿದರು, ಕೂಗಿದರು, ಕೊನೆಗೆ ಖಾಲಿ ಕೊಡ ಎತ್ತಿಕೊಂಡು ಹೋದರು. ದೇಸಾಯರು ಮಡಿ ಎಂದು ಬಾಗಿಲು ಹಾಕಿದ್ದರು, ಇವರು ಮೌನ ಎಂದು ಹಾಕಿದರು. ಹೊರಗೆ ನಿಂತವರಿಗೆ ಏನು ವ್ಯತ್ಯಾಸ?

ಫಕೀರವ್ವ ಮುಂಬಾಗಿಲಿನಿಂದ ಬಂದವಳೇ ಸುಹಾಸನನ್ನು ಹಿಡಿದಳು. "ಯಾಕ್ರೀ ಸಾಹೇಬ್ರ, ಬಾಗಲಕ್ಕ ಕೀಲಿ ಹಾಕೀರಿ? ನಮ್ಮ ಕೇರಿಗೆ ನಳದ ನೀರು ಎಂಟ ದಿನಕ್ಕೊಮ್ಮೆ ಬರತೈತಿ. ಕುಡಿಯಾಕ ಏನ ಮಾಡೂನು?"

"ಪಂಚಾಯ್ತಿಗೆ ಹೇಳಿ ಟ್ಯಾಂಕರ್ ತರಸ್ಕೋರಿ. ಇಲ್ಲೆ ಬರೋರಿಗೆ ಶಾಂತಿ ಬೇಕು. ನನ್ನ ಕೈಯಾಗ ಏನೂ ಇಲ್ಲ ಫಕೀರವ್ವ."

ಕೀಲಿಕೈ ಅವನ ಸೊಂಟದಲ್ಲೇ ಇತ್ತು.

ಅವಳು ವೈಜಯಂತಿಯವರನ್ನೂ ಕೇಳಿದಳು, ಅವರಿಗೆ ಬಿಸಿನೀರು ತೋಡಿಕೊಡುತ್ತಲೇ. ಅವರ ಮುಖ ಕೆಂಪಾಯಿತು. "ಅಯ್ಯೋ, ಬೀಗ ಹಾಕಿ ಅಂತ ನಾನು ಹೇಳಲಿಲ್ಲಮ್ಮ! ಸುಹಾಸ್ ಹತ್ರ ಮಾತಾಡ್ತೀನಿ. ಈ ಅಧ್ಯಾಯ ಒಂದು ಮುಗಿದುಬಿಡಲಿ." ಬಾಗಿಲು ಹಾಕಿಕೊಂಡು ಜಳಕ ಮಾಡಿದರು. ಬೆಳಗಿನ ಸದ್ದು ನಿಂತಿದ್ದರಿಂದ ಅಧ್ಯಾಯ ಚೆನ್ನಾಗಿ ಸಾಗುತ್ತಿತ್ತು. ಅದು ಮುಗಿದು ಇನ್ನೊಂದು ಶುರುವಾಯಿತು. ಅವರು ಮಾತಾಡಲಿಲ್ಲ.

ಹೊರಕೇರಿಯವರು ಊರಾಚೆಯ ಹಳೆಯ ಕಲ್ಲುಕ್ವಾರಿಗೆ ನೀರಿಗೆ ಹೋಗತೊಡಗಿದರು. ನಾನು ಮಾತ್ರ ದಿನವೂ ಸಿಹಿನೀರು ತುಂಬಿಕೊಂಡು ಕಾಯುತ್ತಿದ್ದೆ. ಆ ನೀರು ಅತಿಥಿಗಳ ಬೆನ್ನು ತೊಳೆದು, ಸಾಬೂನಿನ ನೊರೆಯಾಗಿ ಬಚ್ಚಲ ತೂಬಿನಿಂದ ಹೊರಗೆ ಹೋಗುತ್ತಿತ್ತು. ತೂಬು ತೆರೆಯುತ್ತಿದ್ದುದು ಹೊರಕೇರಿಯ ದಾರಿಗೇ. ತಮ್ಮ ಬಾವಿಯ ನೀರು ಅವರಿಗೆ ಹಾಗೆ ಸಿಗುತ್ತಿತ್ತು. ನನಗೆ ದನಿ ಇದ್ದಿದ್ದರೆ ಅಂದೇ ಕಿರುಚುತ್ತಿದ್ದೆ.

ವೈಜಯಂತಿಯವರು ಹೊರಡುವ ಮುನ್ನ ಓದಿನ ಕಾರ್ಯಕ್ರಮ ಇಟ್ಟರು. ಊರ್ಮಿಳಾ ಪುಣೆಯಿಂದ ಬಂದರು, ಪಟ್ಟಣದಿಂದ ಅತಿಥಿಗಳು ಕಾರುಗಳಲ್ಲಿ ಬಂದರು. ಬಾವಿಕಟ್ಟೆಯ ಪಕ್ಕ ಜಮಖಾನೆ ಹಾಸಿದರು, ಸಾಲಾಗಿ ಹಣತೆ ಇಟ್ಟರು. ಅದೇ ದಿನ ಬೆಳಿಗ್ಗೆ ಫಕೀರವ್ವನ ಸೊಸೆ ಹನುಮವ್ವ ಕ್ವಾರಿಯ ಬಂಡೆಯ ಮೇಲೆ ಕೊಡದ ಸಮೇತ ಜಾರಿಬಿದ್ದು ತೋಳು ಮುರಿದುಕೊಂಡಿದ್ದಳು. ಅವಳನ್ನು ಆಸ್ಪತ್ರೆಯಲ್ಲಿ ಬಿಟ್ಟು ಫಕೀರವ್ವ ಸಂಜೆ ವಾಡೆಗೆ ಬಂದಳು. ಒಲೆ ಹೊತ್ತಿಸಲಿಲ್ಲ. ನನ್ನನ್ನು ತುಂಬಲೂ ಇಲ್ಲ. ನನ್ನ ಪಕ್ಕ ಕುಳಿತಳು.

"ಫಕೀರವ್ವ, ಮುಂದ ಬಂದು ಕೂಡ್ರಿ! ನಿಮ್ಮ ಬಗ್ಗೇನ ಬರದಾರ," ಎಂದು ಸುಹಾಸ ಕರೆದ. ಅವಳು ಹೋಗಿ ಜಮಖಾನೆಯ ಅಂಚಿನಲ್ಲಿ ಕುಳಿತಳು.

ವೈಜಯಂತಿಯವರು ಓದಿದರು. ದನಿ ತುಂಬಾ ಚೆನ್ನಾಗಿತ್ತು. "ಬೆಳಗಿನ ಮಂಜಿನಲ್ಲಿ ರಾಟೆ ಹಾಡತೊಡಗುತ್ತಿತ್ತು. ಆ ಹಾಡು ಅವರ ಬದುಕಿನ ಶ್ರುತಿಯಾಗಿತ್ತು. ಅವರ ನಗು, ಜಗಳ, ಬಳೆಗಳ ಸದ್ದು ಬಾವಿಯ ಆಳಕ್ಕಿಳಿದು ಸಿಹಿಯಾಗಿ ಮರಳುತ್ತಿತ್ತು..."

ಫಕೀರವ್ವ ಎದ್ದಳು. ಬಚ್ಚಲಮನೆಗೆ ಬಂದು ಕಟ್ಟಿಗೆ ಒಡೆಯುವ ಕೊಡಲಿ ಎತ್ತಿಕೊಂಡಳು. ಅದರ ಹಿಂಬದಿಯಿಂದ ನನ್ನ ಹೊಟ್ಟೆಗೆ ಒಂದು ಏಟು ಹಾಕಿದಳು. ನಾನು ಗುಡಿಯ ಗಂಟೆಯಂತೆ ಒದರಿದೆ. ಇನ್ನೊಂದು. ಮತ್ತೊಂದು. ನೋವಾಯಿತೇ ಎಂದು ಕೇಳಬೇಡಿ. ಅಷ್ಟು ದಿನ ನನ್ನೊಳಗೆ ಕುದ್ದದ್ದಕ್ಕೆಲ್ಲ ಅವಳು ದನಿ ಕೊಡುತ್ತಿದ್ದಳು. ಇನ್ನೂ ಜೋರಾಗಿ ಹೊಡೆಯಲಿ ಎನಿಸಿತು. ಹಿತ್ತಲಾಚೆ ಹೆಂಗಸರು ಸೇರಿದರು. ಯಾರೋ ಕೊಡ ಬಡಿದರು, ಆಮೇಲೆ ಎಲ್ಲರೂ ಬಡಿದರು. ಒಂದು ಏಟಿಗೆ ನಾನು ಹೊಟ್ಟೆಯಿಂದ ತಳದವರೆಗೆ ಬಿರಿದೆ.

ಕೊಡಲಿ ಹಿಡಿದೇ ಅವಳು ಹೊರಗೆ ಬಂದಳು.

"ಅಕ್ಕಾರ, ರಾಟಿ ಒದರತೈತಿ ಅಂತ ಬಾಗಲಾ ಹಾಕಿಸಿದವರು ನೀವು. ಈಗ ಹಾಳ್ಯಾಗ ಬರದ ಮ್ಯಾಲ ಅದು ಹಾಡ ಆತೇನ್ರಿ? ನನ್ನ ಸೊಸಿ ಕೈ ಮುರಕೊಂಡು ದವಾಖಾನ್ಯಾಗ ಬಿದ್ದಾಳ. ಅಕಿ ಬಳಿ ಸಪ್ಪಳಾನೂ ಬರಕೋರಿ. ಬಳಿ ಒಡದಾವು."

ಅಷ್ಟರಲ್ಲಿ ಹಿಂದಿನ ಸಾಲಿನ ಪಟ್ಟಣದವರೊಬ್ಬರು ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು! ಇನ್ನೂ ಕೆಲವರು ತಟ್ಟಿದರು. ಮೊಬೈಲ್‌ಗಳು ಮೇಲೆದ್ದವು. ಫಕೀರವ್ವ ಅವರತ್ತ ತಿರುಗಿಯೂ ನೋಡದೆ ಹಿತ್ತಲ ಬಾಗಿಲಿಗೆ ಹೋಗಿ, ಕೊಡಲಿಯಿಂದ ಬೀಗದ ಮೇಲೆ ಬಡಿದಳು. ಚಿಲಕವೇ ಕಿತ್ತುಬಂತು. ಹೆಂಗಸರು ಜಮಖಾನೆ ತುಳಿದುಕೊಂಡೇ ಬಂದರು. ಹಣತೆಗಳ ನಡುವೆ ರಾಟೆ ತಿರುಗಿತು. ಉಳಿದ ಹಾಳೆಗಳನ್ನು ವೈಜಯಂತಿಯವರು ಓದಲಿಲ್ಲ. ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕುಳಿತಿದ್ದರು.

ಮೊಬೈಲಿನಲ್ಲಿ ತೆಗೆದದ್ದು ಊರೂರಿಗೆ ಹೋಯಿತಂತೆ. ಹಾಗಾಗಿ ಮತ್ತೆ ಬೀಗ ಹಾಕಲು ಊರ್ಮಿಳಾ ಅವರಿಗೆ ಧೈರ್ಯ ಬರಲಿಲ್ಲ. ಫಕೀರವ್ವನನ್ನು ಮಾತ್ರ ಕೆಲಸದಿಂದ ಬಿಡಿಸಿದರು. ಬಚ್ಚಲಿಗೆ ಸೋಲಾರ್ ಬಂತು. ನನ್ನನ್ನು ಒಲೆಯಿಂದ ಕಿತ್ತು, ಮಸಿಯೆಲ್ಲ ಕೆರೆದು, ಹೊಳಪು ಹಚ್ಚಿ, ಬಾವಿಕಟ್ಟೆಯ ಹತ್ತಿರ ಶೋಭೆಗೆಂದು ಇಟ್ಟಿದ್ದಾರೆ.

ಮೊನ್ನೆ ಹೊಸ ಚಿತ್ರಕಾರನೊಬ್ಬ ಬಂದು ನನ್ನ ಸುತ್ತ ತಿರುಗಿ, ಬಿರುಕಿನಲ್ಲಿ ಬೆರಳಾಡಿಸಿ, "ಇದು ಹೇಗೆ ಒಡೀತು?" ಎಂದು ಕೇಳಿದ.

"ದೇಸಾಯರ ಕಾಲದ್ದು ಸರ್. ಹಳೇದಾಗಿ ಒಡದೈತಿ," ಎಂದ ಸುಹಾಸ.

ಬಾವಿಯಲ್ಲಿ ಹಗ್ಗ ಜಗ್ಗುತ್ತಿದ್ದವಳು ಫಕೀರವ್ವ. ಈಗ ಅವಳು ಯಾರ ಆಳೂ ಅಲ್ಲ. ಕೊಡ ಕಟ್ಟೆಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ವಾಡೆಗೆಲ್ಲ ಕೇಳುವಂತೆ ಹೇಳಿದಳು:

"ಹಳೇದಾಗಿ ಅಲ್ಲರೀ, ನಾ ಬಡದು ಒಡದದ್ದು. ಯಾಕ ಅಂತ ಕೇಳ್ರಿ ಅವರನ್ನ."

ಚಿತ್ರಕಾರ ಸುಹಾಸನ ಕಡೆ ತಿರುಗಿದ. ಸುಹಾಸ ಒಳಗೆ ನಡೆದುಬಿಟ್ಟ. ಆಗ ನನಗನಿಸಿತು: ಇನ್ನು ನನ್ನಲ್ಲಿ ನೀರು ಕಾಯದಿದ್ದರೆ ಬೇಡ. ಈ ಬಿರುಕು ಮುಚ್ಚಲು ಮಾತ್ರ ಯಾರೂ ಬರದಿರಲಿ. ಬಂದವರೆಲ್ಲ ಕೇಳುತ್ತಲೇ ಇರಲಿ.