ತಲೆಯ ಬಳಿಯ ಜಾಗ

ಪೆಟ್ಟಿಗೆಯನ್ನು ಯಾರೋ ಬಿಚ್ಚಿದ್ದರು.

ಈ ವಿಷಯದಲ್ಲಿ ಕಲೋಲೈನಿಗೆ ಟೋಪಿ ಹಾಕುವುದು ಸುಲಭವಲ್ಲ. ಸಿಡ್ನಿಯ ವಿಮಾನ ನಿಲ್ದಾಣದಲ್ಲಿ ಪರದೇಶದಿಂದ ಬಂದವರ ಪೆಟ್ಟಿಗೆ ಬಿಚ್ಚಿ ನೋಡುವುದೇ ಹದಿನಾರು ವರ್ಷಗಳಿಂದ ಅವಳ ಕೆಲಸ. ಯಾರ ಚೀಲದಲ್ಲಿ ಗೆಡ್ಡೆಗೆಣಸಿದೆ, ಯಾರ ಎದೆಯಲ್ಲಿ ಅಳುಕಿದೆ ಎಂದು ಹತ್ತು ಮಾರು ದೂರದಿಂದಲೇ ಹೇಳಬಲ್ಲಳು. ತನ್ನ ಪೆಟ್ಟಿಗೆಯ ಎರಡು ಜಿಪ್ಪುಗಳನ್ನು ಅವಳು ಯಾವಾಗಲೂ ಎಡಮೂಲೆಯಲ್ಲಿ ಕೂಡಿಸುತ್ತಾಳೆ. ಈಗ ಅವು ನಟ್ಟನಡುವೆ ಕೂಡಿದ್ದವು.

ಬಟ್ಟೆಗಳ ಅಡಿಯಲ್ಲಿ ಕೈ ಹಾಕಿ ನೋಡಿದಳು. ಟವೆಲಿನಲ್ಲಿ ಸುತ್ತಿದ್ದ ಬಿಸ್ಕತ್ತಿನ ತಗಡಿನ ಡಬ್ಬಿ ಇದ್ದಲ್ಲೇ ಇತ್ತು. ಆದರೆ ಟವೆಲನ್ನು ಅವಳು ಗಡಿಬಿಡಿಯಲ್ಲಿ ಹೇಗೋ ಸುತ್ತಿದ್ದಳು, ಈಗ ಯಾರೋ ಅಚ್ಚುಕಟ್ಟಾಗಿ ಮಡಿಚಿದ್ದರು. ಆ ಡಬ್ಬಿಯಲ್ಲಿ ಅವಳ ಅಮ್ಮ ಸೇನಿ ಇದ್ದಳು, ಮೂರು ವರ್ಷದ ಹಿಂದಿನ ಬೂದಿಯಾಗಿ.

ನಮ್ಮ ಟೋಂಗಾದ ಕಡೆ ಸತ್ತವರನ್ನು ಸುಡುವುದಿಲ್ಲ. ಬಿಳಿ ಮರಳಿನಲ್ಲಿ ಮಲಗಿಸುತ್ತೇವೆ, ಮೇಲೆ ಹರಳು ಹರಡುತ್ತೇವೆ, ಭಾನುವಾರ ಹೋಗಿ ಮಾತಾಡಿಸಿ ಬರುತ್ತೇವೆ. ಸುಡುವುದು ಕಸವನ್ನು. ಇದು ಕಲೋಗೂ ಗೊತ್ತಿತ್ತು. ಆದರೆ ಅಮ್ಮ ಹೋದಾಗ ಸಾಂಕ್ರಾಮಿಕದ ಕಾಲ, ವಿಮಾನಗಳೆಲ್ಲ ನಿಂತಿದ್ದವು. “ನನ್ನ ತಮ್ಮನ ಹತ್ರ ಕರ್ಕೊಂಡು ಹೋಗು” ಎಂದು ಅಮ್ಮ ಕೊನೆಗೆ ಹೇಳಿದ್ದಳು, ಮತ್ತು ಹೊತ್ತೊಯ್ಯಬಹುದಾದ ಅಮ್ಮ ಎಂದರೆ ಇದೊಂದೇ ಎಂದು ಕಲೋ ಕಾಗದಕ್ಕೆ ಸಹಿ ಹಾಕಿದ್ದಳು. ಊರಿಗೆ ಫೋನು ಮಾಡಿ ಎಲ್ಲ ಚೆನ್ನಾಗಿ ಆಯಿತು ಎಂದಿದ್ದಳು. ಎಲ್ಲಿ ಮಲಗಿಸಿದಿರಿ ಎಂದು ಸೋದರಮಾವ ತಾನಿಯೇಲ ಕೇಳಿದಾಗ ಲೈನು ಸರಿಯಿಲ್ಲವೆಂದು ಇಟ್ಟುಬಿಟ್ಟಿದ್ದಳು.

ಈಗ ಆ ಮಾವನೂ ಹೋಗಿದ್ದ. ನಾಳೆ ಅವನನ್ನು ಮಣ್ಣಿಗಿಡುವ ಮುಂಚೆ ಅಮ್ಮನಿಗೂ ಅಲ್ಲಿ ಜಾಗ ಕೇಳಬೇಕು. ಕೇಳುವುದಕ್ಕಾಗಿಯೇ ಅವಳು ಮೂವತ್ತೈದು ವರ್ಷಗಳ ಮೇಲೆ ಫೋಆ ದ್ವೀಪಕ್ಕೆ ಬಂದಿದ್ದಳು. ಯಾರನ್ನು ಕೇಳಬೇಕು, ಯಾವ ಬಾಯಲ್ಲಿ ಕೇಳಬೇಕು ಎಂದು ತಿಳಿಯದೆ ಒಂದು ದಿನ ಆಗಲೇ ಕಳೆದಿತ್ತು. ಮೇಲಿಂದ ಈಗ ಮನೆಯವರಿಗೆ ಗೊತ್ತೂ ಆಗಿದೆ.

ಗೊತ್ತಾಗಿದೆ ಎನ್ನುವುದಕ್ಕೆ ನಿನ್ನೆಯಿಂದ ಕಂಡದ್ದೆಲ್ಲ ಸಾಕ್ಷಿ ಹೇಳುತ್ತಿತ್ತು. ಬಂದ ಕೂಡಲೇ ಅವಳಿಗೊಂದು ನುಣುಪಾದ ಚಾಪೆಯನ್ನು ಸೊಂಟಕ್ಕೆ ಸುತ್ತಿ, ಶವದ ತಲೆಯ ಬಳಿ ಕೂರಿಸಿ ಹೊರಟುಹೋಗಿದ್ದರು. ಉಳಿದವರೆಲ್ಲ ಹರಕು ಚಾಪೆಗಳನ್ನು ಎದೆಯವರೆಗೆ ಸುತ್ತಿಕೊಂಡು, ಕೂದಲು ಕೆದರಿಕೊಂಡು, ಹಿಂದಿನ ಅಡುಗೆಮನೆಯ ಹೊಗೆಯಲ್ಲಿ ಒಟ್ಟಿಗೆ ಬೇಯುತ್ತಿದ್ದರು, ಒಟ್ಟಿಗೆ ಅಳುತ್ತಿದ್ದರು, ಮಧ್ಯೆ ಮಧ್ಯೆ ಒಟ್ಟಿಗೆ ನಗುತ್ತಲೂ ಇದ್ದರು. ಮಾವನ ಹೆಂಡತಿ ಪೌಲೀನಿ ಅತ್ತೆ ಕೂಡ ಅವಳ ಪಕ್ಕ ಬರಲಿಲ್ಲ, ಗಂಡನ ಕಾಲ ಬಳಿ ಕೂತಳು. ಕಲೋಳ ಮುಂದೆ ಹಾದುಹೋಗುವವರು ಬೆನ್ನು ಬಗ್ಗಿಸಿ, ಕಣ್ಣು ತಪ್ಪಿಸಿ, ಬೇಗ ಬೇಗ ಸರಿದುಹೋಗುತ್ತಿದ್ದರು. ಯಾರಿಗೋ ಸೇರಿದ ಚಾಪೆಗಳನ್ನೂ ತೊಗಟೆಬಟ್ಟೆಗಳನ್ನೂ ತಂದು ಅವಳ ಪಕ್ಕ ಪೇರಿಸುತ್ತಿದ್ದರು. ನನ್ನನ್ನು ಉಗ್ರಾಣದ ಮೂಲೆ ಮಾಡಿದ್ದಾರೆ ಎಂದುಕೊಂಡಳು ಕಲೋ.

ಅವಳ ತಪ್ಪೂ ಅಲ್ಲ ಬಿಡಿ. ಆರು ವರ್ಷಕ್ಕೆ ಊರು ಬಿಟ್ಟವಳು. ಅಮ್ಮ ಸಿಡ್ನಿಯಿಂದ ದೂರದ ಡಬ್ಬೋ ಎಂಬ ಒಣ ಊರಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ಗ್ರೆಗ್ ಎಂಬ ಒಳ್ಳೆಯ ಬಿಳಿಯನನ್ನು ಮದುವೆಯಾಗಿ, “ಇಲ್ಲಿದ್ಮೇಲೆ ಇಲ್ಲಿಯವರ ಹಾಗಿರು” ಎಂದು ಮಗಳ ಬಾಯಿಗೆ ಬೀಗ ಹಾಕಿದಳು. ಅಲ್ಲಿ ನೂರಾರು ಮೈಲಿಯಲ್ಲಿ ಇನ್ನೊಂದು ಟೋಂಗಾ ಮನೆಯಿರಲಿಲ್ಲ. ಡಬ್ಬೋದಲ್ಲಿ ಮೇಷ್ಟರಿಂದ ಹಿಡಿದು ಬೇಕರಿಯವನವರೆಗೆ ಎಲ್ಲರೂ ನೀನು ನಿಜವಾಗಿ ಎಲ್ಲಿಯವಳು ಎಂದು ಕೇಳಿದರು. ಇಲ್ಲಿ ಬಂದರೆ ಮಕ್ಕಳು ಹಿಂದೆ ಬಿದ್ದು “ಪಾಲಂಗಿ, ಪಾಲಂಗಿ” ಎಂದು ಬಿಳಿಯರನ್ನು ಕರೆಯುವ ಹಾಗೆ ಕೂಗಿದವು. ಇಷ್ಟು ವರ್ಷ ಎರಡೂ ಕಡೆ ಬಾಗಿಲ ಹೊರಗೆ ನಿಂತವಳಿಗೆ, ಒಳಗಿನವರು ಏನು ಪಿಸುಗುಟ್ಟಿದರೂ ಅದು ತನ್ನ ಬಗ್ಗೆಯೇ ಅನ್ನಿಸಿದರೆ ಆಶ್ಚರ್ಯವೇನು? ಅವಳಿಗೆ ಬರುತ್ತಿದ್ದುದು ಆರು ವರ್ಷದ ಕೂಸಿನ ಭಾಷೆ. ನಲವತ್ತೊಂದರ ಹೆಂಗಸು ಬಾಯಿ ಬಿಟ್ಟರೆ ಮುದುಕಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಕೂತು ಕೂತು ಸಾಕಾಗಿ ಅವಳು ಎದ್ದು ಅಡುಗೆಮನೆಗೆ ಹೋದಳು. ಕೆಲಸ ಮಾಡಿದರೆ ತಾನೇ ಮನೆಯವಳಾಗುವುದು, ಆಮೇಲೆ ತಾನೇ ಬಾಯಿ ಬಿಟ್ಟು ಕೇಳುವುದು? ಹೆಂಗಸರು ಗುಡ್ಡೆ ಹಾಕಿಕೊಂಡು ಕೆಸುವಿನ ಗೆಡ್ಡೆ ಹೆರೆಯುತ್ತಿದ್ದರು. ಅವಳು ಬಗ್ಗಿ ಒಂದು ಚಾಕು ಎತ್ತಿಕೊಂಡದ್ದೇ ತಡ, ಮಾತು ನಿಂತಿತು.

“ಅಯ್ಯೋ, ಬಿಡಿ ಬಿಡಿ! ಇಲ್ಲಿಗ್ಯಾಕ್ ಬಂದ್ರಿ? ನಿಮ್ ಜಾಗದಲ್ಲಿ ಕೂತ್ಕೊಳ್ಳಿ ಹೋಗಿ” ಎಂದು ಒಬ್ಬಳು ಚಾಕು ಕಿತ್ತುಕೊಂಡಳು.

“ನಾನೂ ಮಾಡ್ತೀನಿ. ನಂಗೆ ಬರುತ್ತೆ” ಎಂದಳು ಕಲೋ.

“ಬರುತ್ತೆ, ಬರುತ್ತೆ. ಸಿಡ್ನಿಲಿ ನನ್ ಗೆಣಸನ್ನೆಲ್ಲ ಕಸದ ಡಬ್ಬಿಗೆ ಹಾಕಿದ್ಲಲ್ಲ, ಅವಳೂ ನಿನ್ ಥರಾನೇ ಇದ್ಲು ನೋಡು!” ಎಂದು ಮೂಲೆಯ ಮುದುಕಿಯೊಬ್ಬಳು ಹೇಳಿದ್ದಕ್ಕೆ ಎಲ್ಲರೂ ಗೊಳ್ಳೆಂದರು. ಮಾವನ ಮಗಳು ಲೆಸಿಯೆಲಿ ಮಾತ್ರ ನಗಲಿಲ್ಲ. ಅತ್ತು ಕೆಂಪಾದ ಕಣ್ಣುಗಳಲ್ಲಿ ಕಲೋಳನ್ನೇ ದಿಟ್ಟಿಸಿ ನೋಡಿ, ಅಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಚಾಪೆಯಲ್ಲಿ ಮಲಗಿದವರು. ಆದರೂ ಕಲೋ ಹಡಗು ಹತ್ತಿದ ದಿನ ಲೆಸಿಯೆಲಿ ಮಾತಾಡಿಸಲೂ ಬಂದಿರಲಿಲ್ಲ. ಪೆಟ್ಟಿಗೆ ಬಿಚ್ಚಿದವಳು ಇವಳೇ ಎಂದು ಕಲೋ ಆಗಲೇ ತೀರ್ಮಾನಿಸಿದಳು.

ಮಧ್ಯಾಹ್ನ ಊರಿನ ಹಿರಿಯ ಮೊಸೆಸೆ ಬಂದ. ದೊಡ್ಡವರ ಪರವಾಗಿ ಸಭೆಯಲ್ಲಿ ಮಾತಾಡುವ ಮುದುಕ. ಅವಳೆದುರು ಮಂಡಿಯೂರಿ ಕೂತು, “ನಾಳೆ ಹನ್ನೊಂದಕ್ಕೆ ಎತ್ತಬಹುದಾ? ನಿಮ್ಮದೇನೂ ಅಡ್ಡಿ ಇಲ್ವಾ?” ಎಂದ.

“ನೀವು ಹೇಳ್ದಂಗೆ” ಎಂದಳು ಕಲೋ.

ಅರ್ಧ ಗಂಟೆಗೆ ಮತ್ತೆ ಬಂದ. “ದೊಡ್ಡ ಹಂದಿ ಚರ್ಚಿನವರಿಗೆ ಕೊಡಬಹುದಾ?”

“ನೀವು ಹೇಳ್ದಂಗೆ.”

ಮುದುಕ ಇನ್ನೇನನ್ನೋ ಕಾಯುವವನಂತೆ ಅವಳ ಮುಖ ನೋಡುತ್ತಲೇ ಕೂತ. ಸತ್ತವನ ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು ಎಲ್ಲ ಇರುವಾಗ ನಿನ್ನೆ ಇಳಿದವಳನ್ನು ಹಂದಿಯ ವಿಚಾರ ಕೇಳುವುದೆಂದರೆ ಅದು ಗೇಲಿಯಲ್ಲದೆ ಮತ್ತೇನು? ಎಲ್ಲಿಯವರೆಗೆ ಸುಳ್ಳು ಹೇಳುತ್ತಾಳೋ ನೋಡೋಣ ಎಂದು ಕೆಣಕುತ್ತಿದ್ದಾನೆ. ಕಲೋಳ ಪಿತ್ತ ನೆತ್ತಿಗೇರಿತು. ಆದರೂ ಹಲ್ಲು ಕಚ್ಚಿ ಕೂತಳು.

ಸಂಜೆಗೆ ಮುಂಚೆ ಇನ್ನೊಂದು ಆಯಿತು. ಗುಂಡಿ ತೋಡುವ ಗಂಡಸರು ಅಳತೆ ಕೇಳಲು ಬಂದಾಗ ಪೌಲೀನಿ ಅತ್ತೆ, “ಸಾಲ್ದು, ಬಲಗಡೆ ಇನ್ನೊಂದು ಮೊಳ ಅಗಲ ತೆಗೀರಿ” ಎಂದಳು. ಹೇಳಿ, ಕಲೋಳ ಕಡೆ ಒಮ್ಮೆ ನೋಡಿ, ತಟ್ಟನೆ ಮುಖ ತಿರುಗಿಸಿದಳು. ಸರಿಹೋಯಿತು. ತನ್ನ ಜಾಗವನ್ನು ಈಗಲೇ ಕಾದಿರಿಸಿಕೊಳ್ಳುತ್ತಿದ್ದಾಳೆ, ಅಮ್ಮನಿಗೆ ಗೇಣು ಮರಳೂ ಉಳಿಯದ ಹಾಗೆ. ಕಲೋ ಹೊರಗೆ ಹೋಗಿ ನೀರಿನ ತೊಟ್ಟಿಯ ಹಿಂದೆ ನಿಂತು ಅತ್ತಳು. ಡಬ್ಬಿಯನ್ನು ಎತ್ತಿಕೊಂಡು ಮೊದಲ ವಿಮಾನಕ್ಕೆ ವಾಪಸು ಹೋಗಿಬಿಡೋಣ ಅನ್ನಿಸಿತು. ಆದರೆ ಎಲ್ಲಿಗೆ? ಅಮ್ಮನಿಗೆ ಡಬ್ಬೋ ಒಂದು ದಿನವೂ ಹಿಡಿಸಿರಲಿಲ್ಲ.

ಮಾರನೆಯ ಬೆಳಿಗ್ಗೆ ಚರ್ಚಿನ ತುತ್ತೂರಿಯವರು ಬಂದು ಮಾವಿನ ಮರದಡಿ ನಿಂತರು. ಮನೆಯೊಳಗೆ ಜನ ಕಿಕ್ಕಿರಿದರು. ಶವಪೆಟ್ಟಿಗೆಯ ಮುಚ್ಚಳ ಹಾಕುವ ಮುಂಚೆ ಲೆಸಿಯೆಲಿ ಒಂದು ಬುಟ್ಟಿ ಹಿಡಿದು ಬಂದಳು. ಬುಟ್ಟಿಯಲ್ಲಿ ಕತ್ತರಿ. ಬಂದವಳು ಅದನ್ನು ಕಲೋಳ ಮುಂದಿಟ್ಟು, ತಲೆ ತಗ್ಗಿಸಿ ಮಂಡಿಯೂರಿದಳು. ಅವಳ ಹಿಂದೆ ಅವಳ ತಮ್ಮಂದಿರು, ಅವರ ಹೆಣ್ಣುಮಕ್ಕಳು, ಎಲ್ಲರೂ ಕೂದಲು ಬಿಟ್ಟುಕೊಂಡು ಸಾಲಾಗಿ ಕೂತರು.

ಸತ್ತವನ ಮನೆಯವರು ದುಃಖಕ್ಕೆ ಕೂದಲು ಕತ್ತರಿಸಿಕೊಳ್ಳುತ್ತಾರೆ ಎನ್ನುವುದಷ್ಟು ಅವಳಿಗೆ ಅಮ್ಮನಿಂದ ತಿಳಿದಿತ್ತು. ಓಹೋ, ಇದು ಪರೀಕ್ಷೆ ಎಂದುಕೊಂಡಳು. ಮನೆಯವಳು ಹೌದೋ ಅಲ್ಲವೋ ತೋರಿಸು ಎನ್ನುತ್ತಿದ್ದಾರೆ. ಆಗಲಿ, ತೋರಿಸುತ್ತೇನೆ. ಎರಡು ದಿನ ಮೈಯೆಲ್ಲ ಕಣ್ಣಾಗಿ ಕೂತವಳಿಗೆ ಆ ಕ್ಷಣ ಸಿಟ್ಟು, ಆಸೆ ಎರಡೂ ಒಟ್ಟಿಗೆ ಉಕ್ಕಿದವು. ಬೆನ್ನ ಮೇಲಿದ್ದ ಜಡೆಯನ್ನು ಮುಂದಕ್ಕೆಳೆದುಕೊಂಡು, ಕತ್ತರಿ ತೆಗೆದು, ಕಿವಿಯ ಕೆಳಗೆ ಕಚಕಚನೆ ಕತ್ತರಿಸಿಯೇಬಿಟ್ಟಳು.

ಯಾರೋ ಚಿಟ್ಟನೆ ಚೀರಿದರು. ಪೌಲೀನಿ ಅತ್ತೆ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. ಮೊಸೆಸೆಯ ಬಾಯಿ ತೆರೆದದ್ದು ತೆರೆದೇ ಇತ್ತು. ಕೈಯಲ್ಲಿ ಜಡೆ ಹಿಡಿದು ಕೂತ ಕಲೋಗೆ, ತಾನು ಏನೋ ದೊಡ್ಡದನ್ನು ಒಡೆದುಹಾಕಿದೆ ಎನ್ನುವುದೊಂದೇ ಗೊತ್ತಾಯಿತು.

ಲೆಸಿಯೆಲಿ ಅವಳ ರಟ್ಟೆ ಹಿಡಿದು ದರದರ ಎಳೆದುಕೊಂಡು ನೀರಿನ ತೊಟ್ಟಿಯ ಹಿಂದಕ್ಕೆ ಹೋದಳು.

“ಏನ್ ಮಾಡ್ದೆ ಮಾರಾಯ್ತಿ! ತಲೆಗಿಲೆ ಕೆಟ್ಟಿದೆಯಾ?”

“ನೀವೆಲ್ಲ ಕತ್ತರಿಸ್ಕೊತೀರ. ನಾನು ಮಾತ್ರ ಹೊರಗಿನವಳಾ?”

“ನೀನು ಕತ್ತರಿಸ್ಬೇಕಾಗಿದ್ದು ನನ್ ಕೂದ್ಲನ್ನ! ನಿನ್ದಲ್ಲ! ಅದಕ್ಕೇ ತಾನೇ ಬುಟ್ಟಿ ಮುಂದಿಟ್ಟು ಕೂತಿದ್ದು?” ಲೆಸಿಯೆಲಿ ಹಣೆ ಚಚ್ಚಿಕೊಂಡಳು. “ಸೇನಿ ಅತ್ತೆ ನಿಂಗೆ ಏನೂ ಹೇಳ್ಕೊಡ್ಲೇ ಇಲ್ವಾ? ನೀನು ಫಹು ಕಣೇ. ಸತ್ತೋನ ಅಕ್ಕನ ಮಗಳು. ನಮ್ಮಲ್ಲಿ ತಮ್ಮನಿಗಿಂತ ಅಕ್ಕ ಮೇಲು, ಅಕ್ಕನ ಮಗಳು ಇನ್ನೂ ಮೇಲು. ಅದಕ್ಕೇ ಅಪ್ಪನ ತಲೆ ಹತ್ರ ನೀನು, ಕಾಲ್ ಹತ್ರ ಅಮ್ಮ, ಹೊಗೇಲಿ ನಾವು. ಆ ಚಾಪೆಗಳೆಲ್ಲ ಯಾರ್ದು ಅನ್ಕೊಂಡೆ? ನಿನ್ದೇ. ಇವತ್ತು ಈ ಮನೇಲಿ ನಿಂಗೆ ಇಲ್ಲ ಅನ್ನೋರು ಯಾರೂ ಇಲ್ಲ. ಮೊಸೆಸೆ ಹಂದಿಗೂ ನಿನ್ನೇ ಕೇಳ್ತಾನೆ, ನೀನು ‘ನೀವು ಹೇಳ್ದಂಗೆ, ನೀವು ಹೇಳ್ದಂಗೆ’ ಅಂತೀಯ!”

ಕಲೋ ಗೋಡೆಗೆ ಒರಗಿದಳು. ಆದರೂ ಅವಳ ಬಾಯಿಂದ ಬಂದ ಮಾತು ಬೇರೆ.

“ನನ್ ಪೆಟ್ಟಿಗೆ ಬಿಚ್ಚಿದ್ದು ನೀನೇ ತಾನೇ?”

“ಹೌದು, ನಾನೇ. ನಿನ್ ಕಪ್ಪು ಬಟ್ಟೆಗೆ ಇಸ್ತ್ರಿ ಹಾಕೋಣ ಅಂತ. ಡಬ್ಬಿ ನೋಡಿ ಬಿಸ್ಕತ್ತು, ಮಕ್ಕಳಿಗೆ ಅಂತ ತೆಗೆದೆ. ಮುಚ್ಚಳದ ಒಳಗೆ ಅತ್ತೆ ಹೆಸರಿನ ಚೀಟಿ. ಸುಟ್ಟುಬಿಟ್ಟೆಯಲ್ಲೇ ಅವರನ್ನ! ನಮಗೊಂದು ಮಾತು ಹೇಳ್ದೆ! ಹತ್ತು ದಿನದ ಶಾಸ್ತ್ರ ಮುಗೀಲಿ, ಆಮೇಲೆ ನಿನ್ ಜತೆ ಜಗಳ ಆಡೋದಿದೆ ನಂಗೆ. ಬಿಡಲ್ಲ.”

“ಮತ್ಯಾಕೆ ಸುಮ್ಮನಿದ್ರಿ?”

“ನಾವು ಹೆಂಗೆ ಎತ್ತೋದು? ನಿನ್ ಬಾಯಿಂದಾನೇ ಬರ್ಬೇಕು. ಇವತ್ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಕಾದು ಕಾದು ಸತ್ವಿ. ಅಮ್ಮ ಗುಂಡಿ ಅಗಲ ಮಾಡ್ಸಿದ್ದು ಯಾರಿಗೆ ಅನ್ಕೊಂಡೆ?”

ಮೊಂಡಾದ ಕೂದಲು ಕಲೋಳ ಕೆನ್ನೆಗೆ ಚುಚ್ಚುತ್ತಿತ್ತು. ಲೆಸಿಯೆಲಿ ತನ್ನ ಹರಕು ಚಾಪೆಯ ಅಂಚಿನಿಂದಲೇ ಅವಳ ಮೂಗು ಒರೆಸಿದಳು, ಆರು ವರ್ಷದವಳಿಗೆ ಒರೆಸುವಂತೆ.

“ಹಡಗಿನ ದಿನ ನೀನು ಬರ್ಲಿಲ್ಲ” ಎಂದಳು ಕಲೋ.

“ನೀರ್ ತೊಟ್ಟಿ ಹಿಂದೆ ಕೂತು ಅಳ್ತಾ ಇದ್ದೆ. ಇಲ್ಲೇ. ನಡಿ ಈಗ, ಜನ ಕಾಯ್ತಿದಾರೆ.”

ಇಬ್ಬರೂ ಒಳಗೆ ಹೋದಾಗ ಯಾರೂ ಕದಲಿರಲಿಲ್ಲ. ಮೊಸೆಸೆ ಅವಳ ಜಾಗದೆದುರು ಮಂಡಿಯೂರಿದ. ಬಿದ್ದಿದ್ದ ಜಡೆಯನ್ನು ಯಾರೋ ಬಿಳಿ ಬಟ್ಟೆಯ ಮೇಲೆ ಎತ್ತಿಟ್ಟಿದ್ದರು.

“ನನ್ ಆಯಸ್ಸಲ್ಲಿ ಹಿಂಗೆ ಆಗಿದ್ದು ನೋಡಿಲ್ಲ,” ಎಂದ ಮುದುಕ. “ಫಹು ಕೂದಲು ಕತ್ತರಿಸ್ಕೊಂಡ್ರೆ ಮುಂದೇನು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನೂ ನೀವೇ ಹೇಳ್ಬೇಕು. ಹೇಳೋ ಅಧಿಕಾರ ಇರೋದು ನಿಮಗೊಬ್ಬರಿಗೇ.”

ಹಿಂದಿನ ಸಾಲಿನಲ್ಲಿ ಆ ಗೆಣಸಿನ ಮುದುಕಿ ಕಿಸಕ್ಕೆಂದಳು. ಪಕ್ಕದವಳು ತಿವಿದಳು. ಕಲೋ ಮಾವನ ತಲೆಯ ಬಳಿ ಕೂತಳು. ಈ ಎರಡು ದಿನ ಅವಳು ಆ ಮುಖವನ್ನು ಸರಿಯಾಗಿ ನೋಡಿರಲೇ ಇಲ್ಲ, ಬಾಗಿಲಲ್ಲಿ ಯಾರು ಏನು ಪಿಸುಗುಟ್ಟುತ್ತಾರೆ ಎಂದೇ ನೋಡುತ್ತಿದ್ದಳು. ಅಮ್ಮನದೇ ಹಣೆ, ಅಮ್ಮನದೇ ಮೊಂಡು ಗದ್ದ.

“ಕೂದಲು ಅದು ಅಮ್ಮಂಗೆ,” ಎಂದಳು ತನಗೆ ಬರುವ ಕೂಸಿನ ಮಾತಿನಲ್ಲಿ. “ಅಮ್ಮ ಸತ್ತಾಗ ಯಾರೂ ಕತ್ತರಿಸ್ಲಿಲ್ಲ. ನಾನು ಕತ್ತರಿಸ್ದೆ ಈಗ. ಅಮ್ಮನೂ ಬಂದಿದಾಳೆ. ಡಬ್ಬೀಲಿದಾಳೆ. ನಾನೇ ಸುಟ್ಟಿದ್ದು. ಮಾವನ ಪಕ್ಕ ಅವಳನ್ನೂ ಮಲಗಿಸಿ.”

ಈ ಸಲ ಯಾರೂ ನಗಲಿಲ್ಲ. ‘ಸುಟ್ಟಿದ್ದು’ ಎಂಬಲ್ಲಿ ಒಂದಿಬ್ಬರು ಉಸಿರೆಳೆದುಕೊಂಡರು, ಅಷ್ಟೇ.

“ಆಗಲಿ” ಎಂದ ಮೊಸೆಸೆ.

ಆ ಒಂದು ಮಾತಿನ ಹಿಂದೆ ಏನಿದೆ ಎಂದು ಕಲೋ ಅಭ್ಯಾಸಬಲದಿಂದ ಅವನ ಮುಖದಲ್ಲಿ ಹುಡುಕಿದಳು. ಮುದುಕ ಆಗಲೇ ಎದ್ದು, ಡಬ್ಬಿಗೆ ಸುತ್ತಲು ಒಳ್ಳೆಯ ಚಾಪೆ ತನ್ನಿ ಎಂದು ಗಂಡಸರನ್ನು ಕೂಗುತ್ತಿದ್ದ. ಪೌಲೀನಿ ಅತ್ತೆ ತಾನೇ ಎದ್ದು ಒಳಕೋಣೆಗೆ ಹೋಗಿ, ಬಿಸ್ಕತ್ತಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಬಂದಳು.

ಕಲೋ ಕತ್ತರಿ ಎತ್ತಿಕೊಂಡಳು. ಲೆಸಿಯೆಲಿ ಎದುರಿಗೆ ಬಂದು ಮಂಡಿಯೂರಿ, ಕೂದಲನ್ನು ಮುಂದಕ್ಕೆ ಚೆಲ್ಲಿ, ತಗ್ಗಿಸಿದ ತಲೆಯಿಂದಲೇ ಪಿಸುಗುಟ್ಟಿದಳು.

“ಕಿವಿ ಮಾತ್ರ ಬಿಡು ಮಾರಾಯ್ತಿ. ಜಗಳ ಆಡೋವಾಗ ಬೇಕಾಗುತ್ತೆ.”